ಡಾಕ್ಟರ್ ಓಡಿಸಿದ ಕಾರು

"ಊಟ ಆಯ್ತೇನೋ ಗುಂಡಾ?"

ಕೇಳಿದ್ದು ಕಾರು!

ಪುಟ್ಟಿಯ ಮಡಿಲಲ್ಲಿದ್ದ ತರಕಾರಿ ಚೀಲ ಜಾರಿ ಟೊಮೆಟೊಗಳೆಲ್ಲ ಬ್ರೇಕಿನ ಕೆಳಗೆ ಉರುಳಿದವು. ಸೂಪರ್ ಮಾರ್ಕೆಟ್ಟಿನ ಪಾರ್ಕಿಂಗು, ಹಾಡಹಗಲು, ಗಾಜು ಏರಿಸಿದ ಕಾರಿನೊಳಗೆ ಅವಳೊಬ್ಬಳೇ. ಆದರೂ ನಾಲ್ಕೂ ಬಾಗಿಲಿನ ಸ್ಪೀಕರುಗಳಿಂದ ಒಂದು ಹೆಂಗಸಿನ ದನಿ ಗುಡುಗುತ್ತಿತ್ತು.

"ಕೇಳ್ತಿರೋದು ನಿನ್ನೇ ಕಣೋ! ಊಟ ಮಾಡಿದ್ಯಾ ಇಲ್ವಾ?"

ಇಂಥ ದನಿಗೆ ಉತ್ತರ ಕೊಡದೆ ಕೂರುವ ಧೈರ್ಯ ಯಾರಿಗಿದೆ?

"ಇನ್ನೂ... ಇನ್ನೂ ಇಲ್ಲಮ್ಮ..." ಎಂದಳು ಪುಟ್ಟಿ.

"ಯಾರಮ್ಮ ನೀನು? ನನ್ನ ಮಗನ ಫೋನಲ್ಲಿ ಹೆಣ್ಣು ಮಾತಾಡ್ತಿದೆಯಲ್ಲ! ಅಂತೂ ದೇವರು ಕಣ್ಣುಬಿಟ್ಟ!"

ಅಷ್ಟರಲ್ಲಿ ಕಿಟಕಿಯ ಮೇಲೆ ಟಕ್ ಟಕ್ ಸದ್ದಾಯಿತು.

ಹೊರಗೆ ಒಬ್ಬ ಗಂಡಸು. ಆರಡಿ ಎತ್ತರ, ಕಡ್ಡಿಯಂಥ ಮೈ. ಗುಂಡ ಎನ್ನುವ ಹೆಸರಿಗೂ ಅವನಿಗೂ ಯಾವ ಸಂಬಂಧವೂ ಇರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಅಲ್ಲಲ್ಲಿ ನೆಗ್ಗಿದ ಹಳೇ ವ್ಯಾನಿನಿಂದ ಇಳಿದು ಬಂದಿದ್ದ. ಕೈಯಲ್ಲಿದ್ದ ಫೋನನ್ನು ಒಮ್ಮೆ, ಕಾರನ್ನು ಒಮ್ಮೆ ತೋರಿಸುತ್ತಿದ್ದ.

ಪುಟ್ಟಿ ಗಾಜು ಇಳಿಸಿದಳು.

"ಕ್ಷಮಿಸಿ ಮೇಡಂ... ನಮ್ಮಮ್ಮ ನಿಮ್ಮ ಕಾರೊಳಗಿದ್ದಾರೆ."

"ಏನು?!"

"ಅಂದ್ರೆ, ಅವರ ಫೋನು. ಇದು ಮೊದಲು ನನ್ನ ಕಾರು. ಮಾರುವಾಗ ಇದರಿಂದ ನನ್ನ ಫೋನು ಅಳಿಸೋದು ಮರ್ತುಬಿಟ್ಟೆ. ನಾನು ಹತ್ತಿರ ಬಂದ್ರೆ ಸಾಕು, ಇನ್ನೂ ನನ್ನನ್ನೇ ಯಜಮಾನ ಅಂದ್ಕೊಳ್ಳುತ್ತೆ."

ಹೇಳಿ ನಕ್ಕ. ಚೆಂದದ ನಗು... ಮೇಲಿನ ಸಾಲು ನೇರ, ಕೆಳಗೆ ಎಡಗಡೆಯ ಒಂದು ಹಲ್ಲು ಮಾತ್ರ ಸ್ವಲ್ಪ ಓರೆ. ಪುಟ್ಟಿಯ ಕಣ್ಣು ಕೆಲಸದ ಅಭ್ಯಾಸದಿಂದ ಮೊದಲು ಅಲ್ಲಿಗೇ ಹೋಯಿತು. ಬೇಗ ವಾಪಸ್ ಬರಲೂ ಇಲ್ಲ.

ಮರುಗಳಿಗೆಯೇ ಅವಳ ಹುಬ್ಬು ಗಂಟಾಯಿತು. 'ಓಹೋ... ಇವನೇನಾ ಅವನು!'

ಇಲ್ಲಿ ಪುಟ್ಟಿಯ ಕೆಲಸದ ಬಗ್ಗೆ ಎರಡು ಮಾತು ಹೇಳಲೇಬೇಕು. ಅವಳು ಹಲ್ಲು ಮಾಡುವವಳು. ಹಲ್ಲಿನ ಡಾಕ್ಟರಲ್ಲ. ಡಾಕ್ಟರುಗಳು ಕಳಿಸುವ ಅಚ್ಚು ನೋಡಿ, ಲ್ಯಾಬಿನಲ್ಲಿ ಕೂತು, ಬಣ್ಣ ಹೊಂದಿಸಿ, ತಿಕ್ಕಿ ತೀಡಿ, ಕಟ್ಟುವ ಹಲ್ಲಿನ ಸೆಟ್ಟು ತಯಾರಿಸುವವಳು. ಹತ್ತು ವರ್ಷದಲ್ಲಿ ಎಷ್ಟು ಬಾಯಿ ನೋಡಿದ್ದಳೆಂದರೆ, ಅರ್ಧ ತಿಂದಿಟ್ಟ ಬಿಸ್ಕತ್ತು ನೋಡಿ ತಿಂದವರು ಯಾರೆಂದು ಹೇಳಬಲ್ಲಳು. ಮನೆಯಲ್ಲಿ ಈ ವಿದ್ಯೆಯಿಂದ ಅಣ್ಣ ಎಷ್ಟೋ ಸಲ ಸಿಕ್ಕಿಬಿದ್ದಿದ್ದ.

ಕಾರು ಕೊಂಡ ಎರಡನೇ ದಿನ ಒಳಗೆಲ್ಲ ಒರೆಸುವಾಗ ಹಿಂದಿನ ಬಾಗಿಲಿನ ಕೈಯಾನಿಕೆಯ ಚರ್ಮದ ಮೇಲೆ ಅವಳಿಗೆ ಹಲ್ಲಿನ ಗುರುತು ಕಂಡಿತ್ತು. ಎಂಟು ಹಲ್ಲು. ಎಲ್ಲವೂ ಕೆಳಗಿನವು. ಮೇಲಿನದರ ಗುರುತೇ ಇಲ್ಲ! ಸುಮ್ಮನಿರುವ ಜಾಯಮಾನವೇ ಅವಳದು? ಮೇಣ ಒತ್ತಿ ಅಚ್ಚು ತೆಗೆದಳು, ಲ್ಯಾಬಿಗೆ ಒಯ್ದು ಪ್ಲಾಸ್ಟರ್ ಸುರಿದಳು, ಭೂತಗನ್ನಡಿ ಹಿಡಿದು ನೋಡಿದಳು. ಹಲ್ಲು ಸಣ್ಣವು, ಸವೆದಿದ್ದವು.

'ವಯಸ್ಸಾದ ಹೆಂಗಸು. ಮೇಲಿನ ದವಡೆ ಪೂರ್ತಿ ಖಾಲಿ. ಪಾಪ...'

ಕಾರು ಕೊಡಿಸಿದ ಬ್ರೋಕರ್ ಹೇಳಿದ್ದ, "ಡಾಕ್ಟರ್ ಓಡಿಸಿದ ಕಾರು ಮೇಡಂ. ಮನೆಯಿಂದ ಕ್ಲಿನಿಕ್ಕು, ಕ್ಲಿನಿಕ್ಕಿಂದ ಮನೆ. ಹೂವಿನ ಹಾಗೆ ಇಟ್ಕೊಂಡಿದ್ದಾರೆ." ಪುಟ್ಟಿ ಎರಡನ್ನೂ ಕೂಡಿಸಿ ಒಂದು ದೊಡ್ಡ ದುಃಖದ ಕಥೆಯನ್ನೇ ಕಟ್ಟಿಕೊಂಡಿದ್ದಳು. ಮಗ ಡಾಕ್ಟರು, ಐಷಾರಾಮಿ ಕಾರು. ತಾಯಿ ಹಿಂದಿನ ಸೀಟಿನಲ್ಲಿ, ಬೋಳು ಬಾಯಿಯಲ್ಲಿ, ಸಂಕಟ ತಾಳಲಾರದೆ ಬಾಗಿಲನ್ನೇ ಕಚ್ಚುತ್ತ... ನೆನೆದಾಗಲೆಲ್ಲ ಅವಳ ಕಣ್ಣು ತೇವವಾಗುತ್ತಿತ್ತು.

ಐದು ತಿಂಗಳಿಂದ ಹೊಟ್ಟೆಯಲ್ಲಿಟ್ಟುಕೊಂಡ ಸಿಟ್ಟು! ಪುಟ್ಟಿ ಕಾರಿನಿಂದ ಇಳಿದಳು.

"ನೀವು ಡಾಕ್ಟರಾ?"

"ಹೌದು, ಯಾಕೆ?"

"ನಾಚಿಕೆ ಆಗಲ್ವಾ ನಿಮಗೆ?"

ಅವನ ನಗು ಅರ್ಧಕ್ಕೇ ನಿಂತಿತು.

"ಇಷ್ಟು ದುಬಾರಿ ಕಾರು ತಗೊಳ್ಳೋಕಾಗುತ್ತೆ, ಹೆತ್ತ ತಾಯಿಗೆ ಮೇಲಿನ ಒಂದು ಸೆಟ್ಟು ಹಲ್ಲು ಕಟ್ಟಿಸೋಕಾಗಲ್ವಾ? ಪಾಪ ಆ ಜೀವ ಬಾಗಿಲು ಕಚ್ಕೊಂಡು ಕೂತಿತ್ತಲ್ರೀ! ಅಗಿಯೋಕಾಗದೆ ಎಷ್ಟು ಒದ್ದಾಡಿರಬೇಕು!"

"ಯಾರೇ ಅದು ನನಗೆ ಹಲ್ಲಿಲ್ಲ ಅಂದೋಳು?" ಕಾರಿನೊಳಗಿಂದ ಅಬ್ಬರಿಸಿತು ದನಿ. "ಮೂವತ್ತೆರಡೂ ಗಟ್ಟಿಯಾಗಿವೆ! ಬಾದಾಮಿ ಹಲ್ಲಲ್ಲೇ ಒಡೀತೀನಿ! ಗುಂಡಾ, ಆ ಹುಡುಗೀನ ಮನೆಗೆ ಕರ್ಕೊಂಡು ಬಾರೋ, ತೋರಿಸ್ತೀನಿ!"

ತಳ್ಳುಗಾಡಿ ಹಿಡಿದು ಹೋಗುತ್ತಿದ್ದ ಇಬ್ಬರು ನಿಂತು ನೋಡತೊಡಗಿದರು.

ಪುಟ್ಟಿಗೆ ಗಲಿಬಿಲಿ. ಆದರೂ ಸೋಲೊಪ್ಪುವ ಜಾತಿಯಲ್ಲ. ಅವತ್ತಿನಿಂದ ಡ್ಯಾಶ್‌ಬೋರ್ಡಿನಲ್ಲೇ ಇಟ್ಟುಕೊಂಡಿದ್ದ ಪ್ಲಾಸ್ಟರ್ ಅಚ್ಚು ತೆಗೆದು ಅವನ ಮುಂದೆ ಹಿಡಿದಳು. "ಹಾಗಾದ್ರೆ ಇದು ಯಾರ ಹಲ್ಲು? ಹೇಳಿ!"

ಅವನು ಅಚ್ಚನ್ನು ಬೆಳಕಿಗೆ ಹಿಡಿದ. ತಿರುಗಿಸಿದ. ಹೆಬ್ಬೆರಳಿನಿಂದ ಸವರಿದ. ಮುಖ ಅರಳಿತು.

"ಅಯ್ಯೋ... ಇದು ಅವಳೇ!"

"ಯಾರು?"

"ಮೇಕೆ."

ಪುಟ್ಟಿ ಬಗ್ಗಿ ಅಚ್ಚನ್ನು ಮತ್ತೊಮ್ಮೆ ನೋಡಿದಳು.

"ನಾನು ಪ್ರಾಣಿಗಳ ಡಾಕ್ಟರು ಮೇಡಂ. ಮೇಕೆಗೆ ಮೇಲೆ ಮುಂದಿನ ಹಲ್ಲೇ ಇರಲ್ಲ. ಕೆಳಗೆ ಎಂಟು ಮಾತ್ರ. ಅವತ್ತು ಅವಳಿಗೆ ಹೆರಿಗೆ ನೋವು ಬಂದಿತ್ತು, ಕ್ಲಿನಿಕ್ಕಿಗೆ ಕರ್ಕೊಂಡು ಹೋಗ್ತಿದ್ದೆ. ನೋವು ತಡೀಲಾರದೆ ಬಾಗಿಲು ಕಚ್ಚಿದ್ಲು. ಕ್ಲಿನಿಕ್ ತನಕ ಹೋಗೋಕೂ ಆಗಲಿಲ್ಲ. ಎರಡು ಮರಿ... ಹಿಂದಿನ ಸೀಟಲ್ಲೇ."

"ನನ್ನ ಸೀಟಲ್ಲಾ?!"

"ಆಗ ಅದು ನನ್ನ ಸೀಟು..."

ಭೂಮಿ ಬಾಯಿಬಿಟ್ಟರೆ ಪುಟ್ಟಿ ಕಾರಿನ ಸಮೇತ ಇಳಿದುಹೋಗಲು ಸಿದ್ಧಳಿದ್ದಳು. ಆದರೆ ಅವನು ನಗಲಿಲ್ಲ. ಅಚ್ಚನ್ನೇ ನೋಡುತ್ತಿದ್ದ.

"ಎಷ್ಟು ಚೆನ್ನಾಗಿ ತೆಗೆದಿದ್ದೀರಿ! ಸವೆದ ಅಂಚು ಕೂಡ ಕಾಣುತ್ತೆ. ನನ್ನ ಹತ್ತಿರ ಇಂಥದ್ದು ಒಂದೂ ಇಲ್ಲ. ಇದನ್ನ... ನಾನು ಇಟ್ಕೊಳ್ಳಲಾ?"

ಅವಳ ಕೆಲಸ ನೋಡಿ ಮುಖ ಸಿಂಡರಿಸದೆ, ತಮಾಷೆ ಮಾಡದೆ ಹೊಗಳಿದ ಮೊದಲ ಗಂಡಸು. ಪುಟ್ಟಿ ತಲೆಯಾಡಿಸಿದಳು. ಅವನು ಅಚ್ಚನ್ನು ಕರವಸ್ತ್ರದಲ್ಲಿ ಸುತ್ತಿ, ಮೊಟ್ಟೆ ಇಡುವಷ್ಟು ಜೋಪಾನವಾಗಿ ಅಂಗಿಯ ಜೇಬಿಗಿಟ್ಟ.

"ಇಬ್ಬರೂ ಸುಮ್ಮನಾದ್ರಲ್ಲ, ಏನಾಗ್ತಿದೆ ಅಲ್ಲಿ?" ಎಂದಿತು ಕಾರು.

---

ಆ ಕಾರಿನ ಕಥೆಯೇ ಒಂದು ರಾಮಾಯಣ.

ಮೂತಿಯ ಮೇಲೆ ಹೊಳೆಯುವ ಲಾಂಛನ ನೋಡಿದರೆ ಯಾರಾದರೂ ಎದ್ದುನಿಲ್ಲಬೇಕು. ನಿಜ ಹೇಳಬೇಕೆಂದರೆ ಆ ಕಂಪನಿ ಮಾಡುವ ಕಾರುಗಳಲ್ಲೆಲ್ಲ ಇದೇ ಚಿಕ್ಕದು, ಇದೇ ಅಗ್ಗದ್ದು. ಅದೂ ಆರು ವರ್ಷ ಹಳೆಯದು. ಆದರೆ ಲಾಂಛನ ಮಾತ್ರ ಎಲ್ಲದಕ್ಕೂ ಒಂದೇ ಅಳತೆ.

"ಅದೇ ದುಡ್ಡಿಗೆ ಹೊಸಾ ಸಣ್ಣ ಕಾರು ಬರುತ್ತೆ ಕಣೇ! ಕಣ್ಣುಮುಚ್ಚಿ ತಗೋ!" ಎಂದು ಅಣ್ಣ ಬಾಯಿ ಬಡಿದುಕೊಂಡಿದ್ದ. ಅಣ್ಣನದು ಪುಸ್ತಕ, ಪೆನ್ನು ಮಾರುವ ಅಂಗಡಿ. 'ನಾನು ಹೇಳಲಿಲ್ವಾ?' ಎನ್ನುವುದು ಅವನು ಬದುಕಿನಲ್ಲಿ ಅತಿ ಹೆಚ್ಚು ಸಲ ಆಡಿದ ಮಾತು. ಪುಟ್ಟಿ ಅಣ್ಣನ ಮನೆಯದೇ ಮಹಡಿಯ ಮೇಲಿದ್ದಳು. ಆ ಮಾತು ಮೆಟ್ಟಿಲು ಹತ್ತಿ ಬರುತ್ತಿತ್ತು.

ಅತ್ತಿಗೆ ಮಾತ್ರ ಗುಟ್ಟಾಗಿ ಕೇಳಿದ್ದಳು, "ನಿಜ ಹೇಳು ಪುಟ್ಟಿ, ಯಾಕೆ ಇದೇ ಬೇಕು?"

"ಬಾಗಿಲು ಹಾಕೋ ಸದ್ದು ಅತ್ತಿಗೆ. ಧಪ್ ಅಂತ ಮೆತ್ತಗೆ ಬೀಳುತ್ತೆ. ದಿನವಿಡೀ ಬೇರೆಯವರ ನಗು ಮಾಡಿ ಮಾಡಿ ಸಾಕಾಗಿ ಬರ್ತೀನಿ. ಆ ಬಾಗಿಲು ಹಾಕ್ಕೊಂಡ್ರೆ ಒಳಗೆ ನಾನೊಬ್ಬಳೇ ಅನ್ಸುತ್ತೆ."

ಮೂವತ್ತೆರಡು ವರ್ಷದಲ್ಲಿ ಪುಟ್ಟಿ ಯಾರನ್ನೂ ಕೇಳದೆ ತನಗಾಗಿ ಆರಿಸಿಕೊಂಡಿದ್ದು ಅದೊಂದೇ. ಅದಕ್ಕೇ ಆ ಕಾರಿಗೆ ಏನೇ ಆದರೂ ಅವಳು ಮನೆಯಲ್ಲಿ ಹೇಳುತ್ತಿರಲಿಲ್ಲ. ಕೊಂಡ ಹೊಸದರಲ್ಲಿ ಹದಿನೈದು ದಿನ ಕಾರು ಕಾಣೆಯಾಗಿದ್ದಾಗ "ಪಾಲಿಶಿಗೆ ಕೊಟ್ಟಿದ್ದೀನಿ" ಎಂದಿದ್ದಳು.

"ಹದಿನೈದು ದಿನ ಪಾಲಿಶಾ? ಆನೆಗೆ ಹೊಡೆದ್ರೂ ಮೂರು ದಿನದಲ್ಲಿ ಮುಗಿಯುತ್ತೆ," ಎಂದಿದ್ದ ಅಣ್ಣ.

ಕಾರು ಬಂದಮೇಲೆ ಒಂದು ಹೊಸ ತೊಂದರೆಯೂ ಶುರುವಾಗಿತ್ತು. ಅಣ್ಣನ ಗೆಳೆಯನೊಬ್ಬ, ಟೈಲ್ಸ್ ಅಂಗಡಿಯವನು, ಅವಳನ್ನು ಕಾಫಿಗೆ ಕರೆದ. ಮೂರು ಸಲ ಹೋದರು. ಮೂರು ಸಲವೂ ಅವನು ಕೀ ಕೇಳಿ ತಾನೇ ಓಡಿಸಿದ. ಸ್ಟೇರಿಂಗನ್ನು ಸವರಿದಷ್ಟು ಮೆಲ್ಲಗೆ ಅವಳ ಜೊತೆ ಒಂದು ಮಾತನ್ನೂ ಆಡಲಿಲ್ಲ. ನಾಲ್ಕನೇ ಸಲ ಫೋನ್ ಮಾಡಿ, "ನನಗೂ ಇದೇ ಕಾರು ಸಿಕ್ತು ಪುಟ್ಟಿ, ಬಣ್ಣ ಬೇರೆ!" ಎಂದು ಕುಣಿದಾಡಿದ. ಐದನೇ ಸಲ ಎನ್ನುವುದು ಬರಲೇ ಇಲ್ಲ.

ಅವತ್ತು ಪುಟ್ಟಿ ಕನ್ನಡಿಯ ಮುಂದೆ ನಿಂತು ಗಟ್ಟಿ ಮನಸ್ಸು ಮಾಡಿದ್ದಳು. 'ಕಾರು ನೋಡಿ ಬರುವವರು ಬೇಡವೇ ಬೇಡ. ಬಂದರೆ ನನಗಾಗಿ ಬರಬೇಕು. ಇಲ್ಲದಿದ್ದರೆ ಯಾರೂ ಬೇಡ.'

---

ಡಾಕ್ಟರು ಆ ತಿಂಗಳಷ್ಟೇ ಕ್ಲಿನಿಕ್ಕನ್ನು ಅವಳ ಲ್ಯಾಬಿನಿಂದ ಎರಡೇ ಬೀದಿ ಆಚೆಗೆ ತಂದಿದ್ದ. ಪಾರ್ಕಿಂಗಿನ ಆ ರಂಪವಾದ ಮೇಲೆ ವಾರಕ್ಕೆ ಮೂರು ಸಲವಾದರೂ ಅವನ ವ್ಯಾನು, ಅವಳ ಕಾರು ಎದುರುಬದುರಾಗುತ್ತಿದ್ದವು. ಎದುರಾದಾಗಲೆಲ್ಲ ಅವನ ಕರೆಗಳು ಇವಳ ಕಾರಿಗೆ ಬರುತ್ತಿದ್ದವು.

"ಡಾಕ್ಟ್ರೇ, ನಮ್ಮ ನಾಯಿ ಸಾಕ್ಸ್ ನುಂಗಿದೆ!"

"ಯಾವ ಸಾಕ್ಸ್? ಎಡಗಾಲಿಂದಾ ಬಲಗಾಲಿಂದಾ?" ಎಂದು ಪುಟ್ಟಿಯೇ ಕೇಳಿ, ಹೆಸರು, ಹೊತ್ತು ಬರೆದುಕೊಂಡು, ಮುಂದಿನ ತಿರುವಿನಲ್ಲಿ ಅವನ ಕೈಗೆ ಚೀಟಿ ಕೊಟ್ಟಿದ್ದಳು.

ಅವನ ಅಮ್ಮನಂತೂ ಕಾರಿಗೆಂದೇ ಫೋನ್ ಮಾಡತೊಡಗಿದರು. "ಗುಂಡ ಬೇಡ, ಪುಟ್ಟಿ ಇದ್ದಾಳಾ?" ಎಂದೇ ಮಾತು ಶುರು.

"ನಿಮ್ಮ ಫೋನಲ್ಲಿ ಬ್ಲೂಟೂತ್ ಆಫ್ ಮಾಡಿದ್ರೆ ಎಲ್ಲ ಮುಗಿಯುತ್ತಲ್ವಾ?" ಒಂದು ದಿನ ಪುಟ್ಟಿ ಕೇಳಿಯೇಬಿಟ್ಟಳು.

"ಮುಗಿಯುತ್ತೆ," ಎಂದ ಡಾಕ್ಟರು. ಆಫ್ ಮಾಡಲಿಲ್ಲ.

ಅವಳೂ ಮತ್ತೆ ಕೇಳಲಿಲ್ಲ!

ಡಿಕ್ಕಿ ತೆರೆಯದಿದ್ದರೆ ಬಲಮೂಲೆಗೆ ಒಂದು ಗುದ್ದು ಕೊಡಬೇಕೆಂದು ಅವನೇ ಹೇಳಿಕೊಟ್ಟ. ಚಳಿಗಾಲದಲ್ಲಿ ಹೀಟರ್ ಹಾಕಿದರೆ ಏಳುವ ವಾಸನೆ ಯಾವ ನಾಯಿಯದೆಂದು ಹೆಸರು ಸಮೇತ ಹೇಳಿದ. ಪುಟ್ಟಿ ಅವನನ್ನು ಲ್ಯಾಬಿಗೆ ಕರೆದು ಬಣ್ಣಬಣ್ಣದ ಹಲ್ಲಿನ ಡಬ್ಬಿಗಳನ್ನು ತೋರಿಸಿದಳು. ಅವನು ಒಂದೊಂದನ್ನೂ ಎತ್ತಿ ನೋಡಿ, "ಇಷ್ಟು ಬಿಳಿ ಯಾರಿಗೂ ಒಪ್ಪಲ್ಲ ಅಲ್ವಾ? ಸ್ವಲ್ಪ ಹಳದಿ ಇದ್ರೇನೇ ಬಾಯಿಗೆ ಹೊಂದೋದು," ಎಂದ. ಹತ್ತು ವರ್ಷದಿಂದ ಅವಳು ಗಿರಾಕಿಗಳಿಗೆ ಬಡಿದುಕೊಳ್ಳುತ್ತಿದ್ದ ಮಾತು ಅದು!

'ಇವರಿಗೆ ಅರ್ಥವಾಗುತ್ತೆ... ಹೇಳದೇನೇ ಅರ್ಥವಾಗುತ್ತೆ...' ಅವತ್ತು ಪುಟ್ಟಿ ಒಬ್ಬ ಅಜ್ಜನ ಸೆಟ್ಟಿಗೆ ಒಂದು ಹಲ್ಲು ಹೆಚ್ಚಿಗೆ ಕೂರಿಸಿ, ಮತ್ತೆ ಬಿಚ್ಚಿ ಮಾಡಬೇಕಾಯಿತು.

ಒಂದೇ ಒಂದು ವಿಚಿತ್ರ. ಸಿಕ್ಕಾಗಲೆಲ್ಲ ಅವನು ಒಂದು ಪ್ರಶ್ನೆ ತಪ್ಪದೆ ಕೇಳುತ್ತಿದ್ದ.

"ಗೇರ್ ಬಾಕ್ಸ್ ಹೇಗಿದೆ? ಜರ್ಕ್ ಏನೂ ಹೊಡೀತಿಲ್ಲ ತಾನೇ?"

"ಬೆಣ್ಣೆ ಹಾಗಿದೆ," ಎನ್ನುತ್ತಿದ್ದಳು ಪುಟ್ಟಿ. ಕೂಡಲೇ ಮಾತು ಬದಲಿಸುತ್ತಿದ್ದಳು.

ಅದನ್ನು ಕೇಳಿ ಅವನ ಮುಖ ಅರಳಬೇಕಿತ್ತು. ಯಾಕೋ ಇನ್ನಷ್ಟು ಬಾಡುತ್ತಿತ್ತು.

---

ಟೈರಿಗೆ ಗಾಳಿ ತುಂಬಿಸಲು ನಿಂತಿದ್ದಾಗ ಪುಟ್ಟಿಗೆ ಆ ಬ್ರೋಕರ್ ಸಿಕ್ಕಿದ.

"ಏನ್ ಮೇಡಂ, ಚೆನ್ನಾಗಿದ್ದೀರಾ? ಕಾರು ವಾಪಸ್ ಕೊಡೋ ಮನಸ್ಸಿದ್ರೆ ನನಗೇ ಹೇಳಿ. ಪಾರ್ಟಿ ರೆಡಿ ಇದ್ದಾರೆ."

"ಯಾರು?"

ಬ್ರೋಕರ್ ಆ ಕಡೆ ಈ ಕಡೆ ನೋಡಿದ. ಗುಟ್ಟು ಉಳಿಸಿಕೊಳ್ಳುವುದು ಅವನ ಹೊಟ್ಟೆಗೆ ಆಗದ ಕೆಲಸ. "ಹಳೇ ಓನರ್ರೇ! ಡಾಕ್ಟರು! ಎರಡು ತಿಂಗಳಿಂದ ನನ್ನ ಪ್ರಾಣ ತಿಂತಿದ್ದಾರೆ. ಹೇಗಾದ್ರೂ ಮಾಡಿ ಆ ಕಾರು ನನಗೆ ವಾಪಸ್ ಕೊಡಿಸಪ್ಪ, ಆದ್ರೆ ತಗೊಳ್ತಿರೋದು ನಾನು ಅಂತ ಅವರಿಗೆ ಗೊತ್ತಾಗಬಾರದು ಅಂತ."

ಪುಟ್ಟಿ ಬೆರಳು ಮಡಿಸಿ ಲೆಕ್ಕ ಹಾಕಿದಳು.

ಎರಡು ತಿಂಗಳು... ಪರಿಚಯವಾಗಿದ್ದೂ ಎರಡು ತಿಂಗಳು!

ಗೇರ್ ಬಾಕ್ಸ್ ಹೇಗಿದೆ? ಜರ್ಕ್ ಹೊಡೀತಿಲ್ಲ ತಾನೇ? ಈಗ ಎಲ್ಲ ಅರ್ಥವಾಯಿತು. ಮಾರಿದ ಮೇಲೆ ಮನಸ್ಸು ತಡೆಯಲಿಲ್ಲ. ಕಾರಿನ ಯೋಗಕ್ಷೇಮ ವಿಚಾರಿಸಲು ಬರುತ್ತಿದ್ದ. ಲ್ಯಾಬು, ಹಲ್ಲು, ಹಳದಿ ಬಣ್ಣ... ಎಲ್ಲ ನೆಪ!

'ಮತ್ತೆ ಟೈಲ್ಸ್ ಅಂಗಡಿ! ನನ್ನ ಹಣೆಬರಹದಲ್ಲಿ ಮನುಷ್ಯರೇ ಇಲ್ಲವೇನೋ... ಬರೀ ಕಾರಿನ ಗಿರಾಕಿಗಳು!'

ಕಾರಿನೊಳಗೆ ಕೂತು ಬಾಗಿಲು ಎಳೆದುಕೊಂಡಳು. ಧಪ್ ಎಂದಿತು. ಅವಳು ಬಿಕ್ಕಿ ಬಿಕ್ಕಿ ಅತ್ತಳು.

ಅವತ್ತಿನಿಂದ ಪುಟ್ಟಿ ಬೇರೆ ದಾರಿ ಹಿಡಿದಳು. ಕಾರನ್ನು ಲ್ಯಾಬಿನ ಹಿಂದಿನ ಗಲ್ಲಿಯಲ್ಲಿ ನಿಲ್ಲಿಸತೊಡಗಿದಳು. ಅವನ ಫೋನಿಗೆ ಉತ್ತರ ಕೊಡಲಿಲ್ಲ. ಅವನು ಲ್ಯಾಬಿಗೆ ಬಂದರೆ ಮಾಸ್ಕ್ ಏರಿಸಿಕೊಂಡು ಗರಗರ ಮಷೀನು ಹಾಕಿ ಕೂರುತ್ತಿದ್ದಳು. ಆ ಸದ್ದಿನಲ್ಲಿ ಯಾರ ಮಾತೂ ಕೇಳಿಸುವಂತಿರಲಿಲ್ಲ.

ಹತ್ತು ದಿನ ಹೀಗೇ ಕಳೆಯಿತು. ಹನ್ನೊಂದನೇ ದಿನ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಕಾರು ಇದ್ದಕ್ಕಿದ್ದಂತೆ ಬಾಯಿಬಿಟ್ಟಿತು.

"ಪುಟ್ಟೀ, ಇದ್ದೀಯೇನಮ್ಮ? ಏನಾಯ್ತು ನಿಮ್ಮಿಬ್ಬರಿಗೆ? ಗುಂಡ ಸರಿಯಾಗಿ ಊಟ ಮಾಡ್ತಿಲ್ಲ. ನಿನ್ನೆ ಬೆಕ್ಕಿನ ಔಷಧಿ ನಾಯಿಗೆ ಹಾಕೋಕೆ ಹೋಗಿ ಬೈಸ್ಕೊಂಡು ಬಂದಿದ್ದಾನೆ."

ಪುಟ್ಟಿ ಕನ್ನಡಿಯಲ್ಲಿ ನೋಡಿದಳು. ಎರಡು ಗಾಡಿ ಹಿಂದೆ ಆ ಹಳೇ ವ್ಯಾನು. ಒಳಗೆ ಜೋಲುಮುಖ.

"ಅಮ್ಮಾ, ನಿಮ್ಮ ಮಗನಿಗೆ ಬೇಕಾಗಿರೋದು ನಾಳೆ ಸಿಗುತ್ತೆ ಅಂತ ಹೇಳಿ," ಎಂದು ಕರೆ ಕತ್ತರಿಸಿದಳು. ಹಸಿರು ದೀಪ ಬಿದ್ದಿತು.

---

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಕ್ಲಿನಿಕ್ಕಿನ ಬೆಂಚುಗಳೆಲ್ಲ ಭರ್ತಿಯಾಗಿದ್ದವು. ಬುಟ್ಟಿಯಲ್ಲಿ ಬೆಕ್ಕು ಇಟ್ಟುಕೊಂಡ ಅಜ್ಜಿ, ಪಂಜರದಲ್ಲಿ ಗಿಳಿ ತಂದ ದಪ್ಪಮೀಸೆಯ ಯಜಮಾನರು, ಗಾಯ ನೆಕ್ಕದಂತೆ ಕೊರಳಿಗೆ ಆಲಿಕೆ ಕಟ್ಟಿಸಿಕೊಂಡ ಎರಡು ನಾಯಿ. ಪುಟ್ಟಿ ಯಾರನ್ನೂ ನೋಡಲಿಲ್ಲ. ಸರದಿಯನ್ನೂ ಕೇಳಲಿಲ್ಲ. ನೇರ ಒಳಗೆ ನುಗ್ಗಿದಳು.

ಡಾಕ್ಟರು ಒಂದು ಕರುವಿನಷ್ಟು ದೊಡ್ಡ ನಾಯಿಯ ಬಾಯೊಳಗೆ ಎರಡೂ ಕೈ ಹಾಕಿ ಗಂಟಲಿನಿಂದ ಏನನ್ನೋ ತೆಗೆಯುತ್ತಿದ್ದ. ಕೈ ಬಿಟ್ಟರೆ ನಾಯಿ ಕಚ್ಚುತ್ತದೆ. ಕಾಲು ಕಿತ್ತು ಓಡುವಂತೆಯೂ ಇಲ್ಲ.

"ಪುಟ್ಟಿ! ನೀವು..."

ಪುಟ್ಟಿ ಟೇಬಲ್ಲಿನ ಮೇಲೆ ಕೀ ಇಟ್ಟಳು.

"ತಗೊಳ್ಳಿ. ಬ್ರೋಕರ್ ಯಾಕೆ ಮಧ್ಯ? ನೀವು ನನ್ನ ಹಿಂದೆ ಸುತ್ತಿದ್ದು ಇದಕ್ಕೇ ತಾನೇ? ನನ್ನನ್ನೇ ಕೇಳಿದ್ರೆ ಕೊಡ್ತಿದ್ದೆ. ಹಲ್ಲು ಚೆನ್ನಾಗಿದೆ, ಅಚ್ಚು ಚೆನ್ನಾಗಿದೆ ಅಂತೆಲ್ಲ ಸುಳ್ಳು ಹೇಳಬೇಕಾಗಿರಲಿಲ್ಲ!"

ಬಾಗಿಲಲ್ಲಿ ಅಜ್ಜಿ, ಬೆಕ್ಕು, ಯಜಮಾನರು, ಗಿಳಿ ಎಲ್ಲರ ತಲೆಗಳೂ ಮೂಡಿದವು.

"ಅದೆಲ್ಲ ಸುಳ್ಳಲ್ಲ!" ಡಾಕ್ಟರು ಕೂಗಿದ. ನಾಯಿ ಗುರ್ರ್ ಎಂದಿತು. ದನಿ ತಗ್ಗಿಸಿದ. "ಅದೆಲ್ಲ ಸುಳ್ಳಲ್ಲ ಪುಟ್ಟಿ. ಕಾರು ವಾಪಸ್ ಕೇಳಿದ್ದು ನಿಜ. ಆದ್ರೆ ಓಡಿಸೋಕಲ್ಲ... ಗುಜರಿಗೆ ಹಾಕೋಕೆ!"

"ಏನು?!"

"ಅದರ ಗೇರ್ ಬಾಕ್ಸ್ ಹೋಗಿದೆ. ನನಗೆ ಮೊದಲೇ ಗೊತ್ತಿತ್ತು. ಜಾಸ್ತಿ ದಿನ ಬಾಳಲ್ಲ ಅಂತ ಮೆಕ್ಯಾನಿಕ್ ಹೇಳಿದ್ದ. ಮಾರೋವಾಗ ಹೇಳೋಣ ಅಂದ್ರೆ ಬ್ರೋಕರ್ ಬೇಡ ಅಂದ. ತಗೊಳ್ಳೋರು ಯಾರೋ ಏನೋ ಅಂತ ನಾನೂ ಸುಮ್ಮನಾದೆ. ಯಾರೇ ಆಗಿದ್ರೂ ಹೇಳಬೇಕಿತ್ತು. ತಪ್ಪು ನಂದೇ."

ಅವನ ಹಣೆಯಲ್ಲಿ ಬೆವರು ಹನಿಯುತ್ತಿತ್ತು. ಒರೆಸಿಕೊಳ್ಳಲು ಕೈ ಇರಲಿಲ್ಲ.

"ಆಮೇಲೆ ನಿಮ್ಮನ್ನ ನೋಡಿದೆ. ನೀವು ಆ ಕಾರನ್ನ ಎಷ್ಟು ಇಷ್ಟಪಡ್ತೀರಿ ಅಂತಾನೂ ನೋಡಿದೆ. ದಿನಾ ಬೆಣ್ಣೆ ಹಾಗಿದೆ ಅಂತೀರಿ, ನನಗೆ ದಿನಾ ಎದೆ ಒಡೆಯುತ್ತೆ. ಯಾವತ್ತು ನಡುರಸ್ತೇಲಿ ನಿಂತುಬಿಡುತ್ತೋ! ಅದನ್ನ ವಾಪಸ್ ತಗೊಂಡು, ತಪ್ಪು ಒಪ್ಕೊಂಡು, ಆಮೇಲೆ ಹೇಳೋಣ ಅಂತಿದ್ದೆ. ಇಂಥಾ ಮೋಸ ಮಾಡಿಟ್ಟುಕೊಂಡು ನಿಮ್ಮೆದುರು ನಿಂತು... ಪ್ರೀತಿ ಮಾಡ್ತೀನಿ ಅಂತ ಯಾವ ಬಾಯಲ್ಲಿ ಹೇಳಲಿ?"

ಹೇಳಿಯಾಗಿತ್ತು! ಹೇಳಿದ್ದು ಅವನಿಗೇ ತಡವಾಗಿ ಗೊತ್ತಾಯಿತು. ಅಜ್ಜಿ ಬುಟ್ಟಿಯನ್ನು ಎದೆಗೊತ್ತಿಕೊಂಡರು.

ಪುಟ್ಟಿಯ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆಂದು ಡಾಕ್ಟರ ಮುಖ ಇಳಿಯಿತು. ಅಳು ಅಲ್ಲ. ನಗು! ತಡೆಯಲಾರದ, ಹೊಟ್ಟೆ ಹುಣ್ಣಾಗಿಸುವ ನಗು!

"ಯಾಕೆ ನಗ್ತೀರಿ?"

"ಆ ಗೇರ್ ಬಾಕ್ಸ್... ಕಾರು ತಗೊಂಡ ಒಂಬತ್ತನೇ ದಿನಾನೇ ಸತ್ತುಹೋಯ್ತು ರೀ!"

ಓದುಗರಿಗೂ ಇದು ಹೊಸ ಸುದ್ದಿಯೇ. ಏನು ಮಾಡುವುದು, ಯಾರಿಗೂ ಹೇಳಬೇಡಿ ಎಂದು ಪುಟ್ಟಿ ಕೈಮುಗಿದಿದ್ದಳು. ಆ ಹದಿನೈದು ದಿನ ಕಾರು ಹೋಗಿದ್ದು ಪಾಲಿಶಿಗಲ್ಲ, ಗ್ಯಾರೇಜಿಗೆ. ಆಮೇಲೆ ಮೂರು ತಿಂಗಳು ಒಂದು ಭಾನುವಾರವೂ ಬಿಡದೆ ಊರಿನವರ ದವಡೆ ಹಲ್ಲು ಮಾಡಿ ಮಾಡಿ ಅವಳು ಹೊಸ ಗೇರ್ ಬಾಕ್ಸಿನ ಖರ್ಚು ತೀರಿಸಿದ್ದಳು. ಅಣ್ಣನಿಗೆ ಗೊತ್ತಾದರೆ 'ನಾನು ಹೇಳಲಿಲ್ವಾ?' ಎನ್ನುತ್ತಾನೆಂಬ ಭಯಕ್ಕೆ ಅತ್ತಿಗೆಗೂ ಬಾಯಿ ಬಿಟ್ಟಿರಲಿಲ್ಲ.

"ಅಂದ್ರೆ... ನಾನು ಕೇಳಿದಾಗಲೆಲ್ಲ ಬೆಣ್ಣೆ ಹಾಗಿದೆ ಅಂದಿದ್ದು..."

"ಹೊಸದು ಹಾಕ್ಸಿದ್ಮೇಲೆ ಬೆಣ್ಣೆ ಹಾಗೇ ಇರುತ್ತೆ! ನೀವು ಅದನ್ನೇ ಕೇಳಿ ಕೇಳಿ, ನನ್ನ ಗುಟ್ಟು ರಟ್ಟಾಯ್ತೇನೋ ಅಂತ ನನಗೆ ಜೀವವೇ ಹೋಗ್ತಿತ್ತು!"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಒಂದೇ ಗೇರ್ ಬಾಕ್ಸನ್ನು ಎರಡು ತಿಂಗಳಿಂದ ಒಬ್ಬರಿಂದೊಬ್ಬರು ಬಚ್ಚಿಟ್ಟು ಒದ್ದಾಡಿದ್ದರು!

ನಗು ನಿಂತಾಗ ಪುಟ್ಟಿಯ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. "ನನಗೆ ಸಿಟ್ಟಿದೆ. ನೀವು ಹೇಳದೇ ಮಾರಿದ್ದು ತಪ್ಪು. ಹನ್ನೆರಡು ಭಾನುವಾರ ಹೋಗಿದೆ ನಂದು."

"ಇನ್ನು ಬರೋ ಭಾನುವಾರಗಳನ್ನೆಲ್ಲ ನಿಮಗೇ ಕೊಡ್ತೀನಿ. ಲ್ಯಾಬಲ್ಲಿ ಪ್ಲಾಸ್ಟರ್ ಕಲಸು ಅಂದ್ರೆ ಕಲಸ್ತೀನಿ."

"ಕಾರು ಕೊಡಲ್ಲ."

"ಬೇಡ."

"ಓಡಿಸೋಕೂ ಕೊಡಲ್ಲ."

"ಅದರಲ್ಲಿ ಕೂತರೆ ನನಗೆ ಈಗಲೂ ಸೊಂಟ ಹಿಡಿಯುತ್ತೆ ಪುಟ್ಟಿ. ನನಗೆ ಆ ಕಾರು ಬೇಡವೇ ಬೇಡ. ನೀವು ಬೇಕು. ನಡ್ಕೊಂಡು ಬಂದ್ರೂ ನೀವೇ ಬೇಕು."

ನನಗಾಗಿ ಬರಬೇಕು ಎಂದು ಕನ್ನಡಿಯ ಮುಂದೆ ಹೇಳಿಕೊಂಡಿದ್ದಳಲ್ಲ... ಬಂದಿದ್ದ. ಮೊಣಕೈವರೆಗೆ ನಾಯಿಯ ಜೊಲ್ಲು ಸುರಿಸಿಕೊಂಡು, ಬೆವರಿಕೊಂಡು, ಹೆದರಿಕೊಂಡು, ಅವಳಿಗಾಗಿಯೇ ಬಂದಿದ್ದ. ಪುಟ್ಟಿ ತನ್ನ ದುಪಟ್ಟಾದ ತುದಿಯಿಂದ ಅವನ ಹಣೆ ಒರೆಸಿದಳು. ಅವನು ಕಣ್ಣು ಮುಚ್ಚಿಕೊಂಡ. ನಾಯಿ ಮಾತ್ರ ಇಬ್ಬರನ್ನೂ ಸರದಿಯಂತೆ ನೋಡುತ್ತಿತ್ತು.

"ಬಾಗಿಲು ಹಾಕ್ಕೊಳ್ರಮ್ಮ, ನಾವೇನೂ ನೋಡಲ್ಲ," ಎಂದರು ಅಜ್ಜಿ, ಕಣ್ಣು ಮಿಟುಕಿಸದೆ ನೋಡುತ್ತ.

ಪುಟ್ಟಿ ನಾಚಿ ಹಿಂದೆ ಸರಿದಳು. ಟೇಬಲ್ಲಿನ ಮೇಲಿನ ಕೀ ಎತ್ತಿಕೊಂಡಳು.

"ಇನ್ನೂ ಎಷ್ಟು ಹೊತ್ತಾಗುತ್ತೆ?"

"ಈ ನಾಯಿ ಬಿಟ್ಟು ಇನ್ನೂ ಏಳು ಪೇಷೆಂಟು..."

"ಕಾಯ್ತೀನಿ."

ಹೊರಗೆ ಬಂದು ಅಜ್ಜಿಗೂ ಯಜಮಾನರಿಗೂ ನಡುವೆ ಇದ್ದ ಸಣ್ಣ ಜಾಗದಲ್ಲಿ ಕೂತಳು. ಯಜಮಾನರು ಅವಳ ಖಾಲಿ ಮಡಿಲನ್ನು ನೋಡಿದರು. ಮೀಸೆಯ ಅಡಿಯಲ್ಲಿ ನಗು ಅಡಗಿಸಿಕೊಂಡು, ಏನೂ ಗೊತ್ತಿಲ್ಲದವರಂತೆ ಕೇಳಿದರು.

"ನಿಮ್ಮದು ಯಾವ ಪ್ರಾಣಿ ಅಮ್ಮ?"

ಪುಟ್ಟಿ ಒಳಗಿನ ಬಾಗಿಲ ಕಡೆ ಕೈ ತೋರಿಸಿದಳು. "ಅಗೋ, ಒಳಗಿದೆಯಲ್ಲ ಉದ್ದಕ್ಕೆ... ಅದೇ."

"ಕೇಳಿಸ್ತು!" ಒಳಗಿಂದ ಡಾಕ್ಟರ ದನಿ ಬಂತು.

"ಕೇಳಿಸ್ಲಿ ಅಂತಾನೇ ಹೇಳಿದ್ದು," ಎಂದಳು ಪುಟ್ಟಿ.